ಒದ್ದೆ ಪರದೆಯ ಹಿಂದಿನ ಬದಿ

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಹಿರೇಕೆರೂರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತಲೇ ನನ್ನ ತಲೆ ನೆರೆಯಿತು. ಯಾರದೋ ಮನೆಯಲ್ಲಿ ಗೆಜ್ಜೆ ಸದ್ದು ಕೇಳಿತು, ಯಾರದೋ ಮೈಮೇಲೆ ಬಂತು ಎಂದರೆ ಮುಖಕ್ಕೆ ಹೊಡೆದಂತೆ ಮಾತಾಡಿ ಎಷ್ಟೋ ಜನರ ಸ್ನೇಹ ಕಳೆದುಕೊಂಡಿದ್ದೇನೆ. ಈಗ ನಾನೇ ಅಂಥದೊಂದು ಹೇಳಹೊರಟಿದ್ದೇನೆ. ನಗುವುದಾದರೆ ನಗಿರಿ. ಆದರೆ ಆ ಮಧ್ಯಾಹ್ನವನ್ನು ನೆನೆದಾಗ ನನಗೆ ಹೆದರಿಕೆಗಿಂತ ಹೆಚ್ಚು ಸಿಟ್ಟೇ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಅವ್ವನ ತವರು ಸವಣೂರು. ಅಲ್ಲೊಂದು ಹಳೆಯ ಸಂಗೀತ ಸಭಾಗೃಹವಿದೆ. ಗವಾಯಿಗಳು ಹಾಡಲೆಂದು ಕಟ್ಟಿಸಿದ್ದು. ಮೇಲೆಲ್ಲ ಸಾಗವಾನಿ ಹಲಗೆ. ಅದಕ್ಕೆ ಒಂದು ಮೊಳೆ ಹೊಡೆದರೂ ದನಿ ಕೆಡುತ್ತದೆ, ಹೊಡೆಯಕೂಡದು ಎಂದು ಹಿಂದಿನವರು ಕಟ್ಟಪ್ಪಣೆ ಮಾಡಿದ್ದರಂತೆ. ಹಾಗಾಗಿ ಅಲ್ಲಿ ಸಿನಿಮಾ ತೋರಿಸುವ ಕಾಲ ಬಂದಾಗ ಪರದೆಯನ್ನು ಮೇಲಿನಿಂದ ಇಳಿಬಿಡುವಂತಿರಲಿಲ್ಲ. ರಂಗದ ಅಂಚಿನಲ್ಲಿ ನೆಲ ಸೀಳಿ, ಕೆಳಗೆ ಉದ್ದನೆಯ ಮರದ ಉರುಳೆ ಕೂರಿಸಿ, ಅದಕ್ಕೆ ಪರದೆ ಸುತ್ತಿಟ್ಟರು. ಎರಡೂ ಕಂಬಗಳ ರಾಟೆಗೆ ಹಾಕಿದ ಹಗ್ಗ ಜಗ್ಗಿದರೆ ಪರದೆ ನೆಲದೊಳಗಿನಿಂದ ಏಳುತ್ತಿತ್ತು. ಎದ್ದ ಮೇಲೆ ಅದಕ್ಕೆ ನೀರು ಹೊಡೆಯುತ್ತಿದ್ದರು. ಬಟ್ಟೆ ಒದ್ದೆಯಾದರೆ ಬೆಳಕು ಆಚೆಗೂ ದಾಟುತ್ತದೆ, ಚಿತ್ರ ಎರಡೂ ಬದಿಗೆ ಕಾಣುತ್ತದೆ. ಮುಂದಿನ ಬದಿ ಕುರ್ಚಿಗಳಲ್ಲಿ ಗಂಡಸರು. ಹಿಂದಿನ ಬದಿ, ರಂಗದ ಮೇಲೆ ಹಾಸಿದ ಜಮಖಾನದಲ್ಲಿ ಹೆಂಗಸರು.

ಹಿಂದಿನಿಂದ ನೋಡಿದರೆ ಎಲ್ಲವೂ ಉಲ್ಟಾ. ಅಕ್ಷರಗಳೂ ಕನ್ನಡಿಯಲ್ಲಿ ಕಂಡ ಹಾಗೆ. ಅವ್ವ ಮತ್ತು ಅವಳ ಗೆಳತಿಯರು ಸಿನಿಮಾದ ಮಂದಿಯೆಲ್ಲ ಎಡಗೈಯಲ್ಲಿ ಉಣ್ಣುತ್ತಾರೆಂದೇ ತಿಳಿದಿದ್ದರು. ಹಂಸಭಾವಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅವ್ವ, "ಪ್ಯಾಟಿ ಮಂದಿ ಎಡಗೈಲೆ ಉಣ್ತಾರ್ರಿ, ನಾ ಪಿಕ್ಚರಿನ್ಯಾಗ ನೋಡೇನಿ" ಎಂದು ತುಂಬಿದ ಮನೆಯಲ್ಲಿ ಹೇಳಿ ನಗೆಪಾಟಲಾದಳು. ಅಪ್ಪ ಸಾಯುವವರೆಗೂ ಅದನ್ನೇ ಹೇಳಿ ಆಡಿಕೊಂಡರು. ಅವ್ವನೂ ಜೊತೆಗೆ ನಗುತ್ತಿದ್ದಳು. ನನಗೆ ಮಾತ್ರ ಒಂದು ದಿನವೂ ನಗು ಬರಲಿಲ್ಲ.

ಅವ್ವ ಓದಲು ಕಲಿತದ್ದು ನನ್ನ ಮಗಳ ಪಾಟಿ ಹಿಡಿದು. ಕಲಿತ ಮೇಲೆ ಬಸ್ಸಿನ ಬೋರ್ಡು, ಸಾಬೂನಿನ ಕಾಗದ, ಗೋಡೆಯ ಮೇಲಿನ ಜಾಹೀರಾತು, ಯಾವುದನ್ನೂ ಬಿಡಲಿಲ್ಲ. ಅವಳಿಗೊಂದೇ ಆಸೆ ಉಳಿದಿತ್ತು. ಆ ಸಭಾಗೃಹದಲ್ಲಿ, ಆ ಪರದೆಯ ಮುಂದೆ ಕುಳಿತು, ಸಿನಿಮಾದ ಶುರುವಿಗೆ ಬರುವ ಹೆಸರುಗಳನ್ನು ಓದಬೇಕು. ಟಿವಿಯಲ್ಲಿ ಓದಿಕೋ ಎಂದರೆ, "ಅದು ಬ್ಯಾರೆ, ಇದು ಬ್ಯಾರೆ" ಎನ್ನುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಆ ಉರುಳೆ ಕಿತ್ತು ಎಲ್‌ಇಡಿ ಪರದೆ ಹಾಕಲು ಸಭಾಗೃಹದ ಸಮಿತಿ ತೀರ್ಮಾನಿಸಿತು. ಅದಕ್ಕೂ ಮುಂಚೆ ಹಳೆಯ ಪರದೆಯ ಮೇಲೆ ಕೊನೆಯ ಸಲ ಒಂದು ಹಳೆಯ ಸಿನಿಮಾ ಎಂದು ಸುದ್ದಿ ಬಂತು. ನಾನು ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿ, ಅವ್ವನಿಗೆ ಮುಂದೆ ಒಂದು ಕುರ್ಚಿ ಬೇಕೆಂದೆ. "ಆತ ತಗೊರಿ, ಅದಕ್ಕೇನ" ಎಂದರು. ಅವ್ವ ಇಳಕಲ್ ಸೀರೆ ಉಟ್ಟು, ಬಸ್ಸಿನ ದಾರಿಯುದ್ದಕ್ಕೂ ಕನ್ನಡಕ ಒರೆಸಿಕೊಳ್ಳುತ್ತ ಬಂದಳು.

ಬಾಗಿಲಲ್ಲೇ ಅಧ್ಯಕ್ಷರು ತಡೆದರು. "ಅಕ್ಕಾರ, ಹಿಂದ ನಡೀರಿ. ಇವತ್ತ ಎಲ್ಲಾ ಹಳೇ ಪದ್ಧತಿ ಪ್ರಕಾರ. ಹೆಣ್ಮಕ್ಕಳು ಆ ಕಡೆ. ಫೋಟೋದಾಗ ಭಾಳ ಚಂದ ಬರ್ತೈತಿ."

"ನಮ್ಮವ್ವ ಹೆಸರು ಓದಾಕ ಬಂದಾಳ್ರಿ. ಫೋನಿನ್ಯಾಗ ಹೇಳಿದ್ನೆಲ್ಲ?"

ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಗೆ ಸರಿಸಿ ಅವರು ನಕ್ಕರು. "ಈ ವಯಸ್ಸಿನಾಗ ಅಮ್ಮಾರು ಏನ್ ಓದೋದೈತ್ರಿ?"

ನನ್ನ ಮೈಯೆಲ್ಲ ಉರಿದುಹೋಯಿತು. ಮುಂದಿನ ಸಾಲಿನಲ್ಲಿ ಅರ್ಧ ಕುರ್ಚಿಗಳು ಖಾಲಿ ಇದ್ದವು. ಪದ್ಧತಿಯಂತೆ ಪದ್ಧತಿ! ನೀರು ಹೊಡೆಯಲು ಪಂಪು ತಂದಿದ್ದರು, ರೀಲಿನ ಬದಲು ಹೊಸ ಪ್ರೊಜೆಕ್ಟರ್ ಇಟ್ಟಿದ್ದರು, ಅಲ್ಲೆಲ್ಲ ಪದ್ಧತಿ ನೆನಪಾಗಲಿಲ್ಲ. ನಾನು ದನಿ ಏರಿಸುವಷ್ಟರಲ್ಲಿ ಅವ್ವ ಕೈ ಜಗ್ಗಿದಳು. "ಬಿಡಬೇ, ನಡಿ. ಜಗಳಾ ಮಾಡಿ ಕುಂತ್ರ ಪಿಕ್ಚರ್ ಚೆಂದ ಕಾಣ್ತೈತೇನು?"

ಜಮಖಾನದ ಮೇಲೆ ಒಂದಿಷ್ಟು ಮುದುಕಿಯರು, ಅವರನ್ನು ಕರೆತಂದ ಸೊಸೆಯರು. ಒದ್ದೆ ಬಟ್ಟೆಯ ವಾಸನೆ. ಬಾಗಿಲು ಮುಚ್ಚಿ ಕತ್ತಲು ಮಾಡಿದರು. ನಾನು ಪರದೆ ನೋಡಲೇ ಇಲ್ಲ, ತಲೆ ತಗ್ಗಿಸಿ ಹಲ್ಲು ಕಡಿಯುತ್ತ ಕುಳಿತಿದ್ದೆ. ಆಗ ಪಕ್ಕದಲ್ಲಿ ಅವ್ವನ ದನಿ ಕೇಳಿತು. "ನಿ... ರ್ಮಾ... ಪ... ಕ... ರು."

ಊಹಿಸಿ ಹೇಳುತ್ತಿದ್ದಾಳೆ ಅಂದುಕೊಂಡೆ. ತಲೆ ಎತ್ತಿದರೆ ಅಕ್ಷರಗಳು ನೆಟ್ಟಗಿದ್ದವು. ಎಡದಿಂದ ಬಲಕ್ಕೆ, ಪುಸ್ತಕದಲ್ಲಿ ಇದ್ದ ಹಾಗೆ. ಅವ್ವ ಒಂದೊಂದೇ ಹೆಸರು ಕೂಡಿಸಿಕೊಂಡು ಓದುತ್ತಿದ್ದಳು.

ಪ್ರೊಜೆಕ್ಟರಿನಲ್ಲಿ ಚಿತ್ರ ತಿರುಗಿಸುವ ಸೌಲಭ್ಯವಿರುತ್ತದೆ, ಯಾರೋ ತಪ್ಪಿ ಒತ್ತಿದ್ದಾರೆ ಅಂದುಕೊಂಡೆ. ಸುಳ್ಳು ಹೇಳಲಾರೆ, ಬಹಳ ಖುಷಿಯಾಯಿತು. ಹಾಗಾದರೆ ಮುಂದೆ ಕುಳಿತ ದೊಡ್ಡವರಿಗೆಲ್ಲ ಇವತ್ತು ಉಲ್ಟಾ! ಅವರ ಮುಖ ನೋಡಲೆಂದೇ ಎದ್ದು ಪಕ್ಕದ ಬಾಗಿಲಿನಿಂದ ಮುಂದಕ್ಕೆ ಹೋದೆ. ಅಲ್ಲಿಯೂ ಅಕ್ಷರಗಳು ನೆಟ್ಟಗೇ ಇದ್ದವು.

ಹಿಂದಕ್ಕೆ ಬಂದು ನೋಡಿದೆ. ಮತ್ತೆ ಮುಂದಕ್ಕೆ ಹೋದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಎರಡೂ ಬದಿಗೆ ಒಂದೇ ಥರ. ಕನ್ನಡಿಯ ಪಾಠ ಅಷ್ಟು ವರ್ಷ ಮಾಡಿದ್ದೇನೆ. ಹಾಗಾಗಲು ಸಾಧ್ಯವೇ ಇಲ್ಲ. ಪ್ರೊಜೆಕ್ಟರ್ ನಡೆಸುತ್ತಿದ್ದ ದಾದಾಪೀರನನ್ನು ಕೇಳಿದೆ. "ಒಂದ ಮಶೀನು, ಒಂದ ಬಟ್ಟಿ. ಎರಡೂ ಕಡೆ ನೆಟ್ಟಗ ಹೆಂಗ ಬರ್ತೈತ್ರಿ ಅಕ್ಕಾರ?" ಎಂದ. ಬಂದು ನೋಡು ಎಂದರೆ, ಮಶೀನು ಬಿಟ್ಟು ಬಂದರೆ ಅಧ್ಯಕ್ಷರು ಬೈಯುತ್ತಾರೆ ಎಂದ.

ಅಧ್ಯಕ್ಷರ ಬಳಿಗೇ ಹೋದೆ. "ಎದ್ದು ಬಂದು ನೋಡ್ರಿ. ಇಲ್ಲೇ ಪರದೆ ಹಿಂದ."

"ಕುಂದರ್ರಿ ಅಕ್ಕಾರ, ಮಂದಿಗೆ ಪಿಕ್ಚರ್ ನೋಡಾಕ ಬಿಡ್ರಿ."

ಪಕ್ಕದವರನ್ನು ಕರೆದೆ, ಅವರ ಪಕ್ಕದವರನ್ನು ಕರೆದೆ. ಒಬ್ಬರೂ ಏಳಲಿಲ್ಲ. ಒಬ್ಬನಂತೂ ಪಕ್ಕಕ್ಕೆ ಸರಿಯಿರಿ ಎಂದು ಕೈಯಾಡಿಸಿದ. ಅದೇ ಹೊತ್ತಿಗೆ ಪರದೆಯ ಮೇಲೆ ಯಾರೋ ಊಟಕ್ಕೆ ಕುಳಿತಿದ್ದರು. ಹಿಂದಿನಿಂದ ಮುದುಕಿಯರ ಕೂಗು ಕೇಳಿತು. "ಏ, ಬಲಗೈ! ಬಲಗೈಲೆ ಉಣ್ಣಾಕತ್ತಾನ ನೋಡ್ರೇ!" ಸಭಾಗೃಹವೆಲ್ಲ ತುಂಬುವಂತೆ ಅವರು ನಕ್ಕರು. ಮುಂದಿನ ಸಾಲಿನವರು ಶ್ ಶ್ ಎಂದರು.

ಫೋಟೋ ಯಾಕೆ ತೆಗೆಯಲಿಲ್ಲ ಎಂದು ನೀವು ಕೇಳಬಹುದು. ತೆಗೆದಿದ್ದೇನೆ. ಹಿಂದಿನ ಬದಿಯಿಂದಲೇ ತೆಗೆದದ್ದು. ಅದರಲ್ಲಿ ಅಕ್ಷರಗಳು ನೆಟ್ಟಗಿವೆ. ತೋರಿಸಿದರೆ ಎಲ್ಲರೂ, ಇದು ಮುಂದಿನಿಂದ ತೆಗೆದ ಫೋಟೋ ಎನ್ನುತ್ತಾರೆ. ಉಲ್ಟಾ ಬಂದಿದ್ದರೆ ನಂಬುತ್ತಿದ್ದರೇನೋ! ಆ ಮುದುಕಿಯರನ್ನು ಕೇಳಿ ಎಂದರೆ, ಅವರ ಮಾತು ಏನು ಕೇಳೋದು ಎನ್ನುತ್ತಾರೆ. ಸವಣೂರಿನಲ್ಲಿ ಅಧ್ಯಕ್ಷರು ನನಗೆ ತಲೆ ಕೆಟ್ಟಿದೆಯೆಂದು ಹೇಳಿಕೊಂಡು ತಿರುಗಿದರು. ಪರದೆಯನ್ನು ಹರಿದು ನೆಲ ಒರೆಸಲು ಬಳಸಿದರಂತೆ. ಮನೆಯಲ್ಲಿ ಹಾಸಿಗೆಯ ಚಾದರ ನೆನೆಸಿ, ಬ್ಯಾಟರಿ ಬಿಟ್ಟು, ಗಾಜಿನ ಮೇಲೆ ಬರೆದು, ನನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದ್ದೇನೆ. ಪ್ರತಿ ಸಲವೂ ಹಿಂದಿನಿಂದ ಉಲ್ಟಾ ಕಾಣುತ್ತದೆ. ಉಲ್ಟಾ ಕಾಣಲೇಬೇಕು.

ಮೊನ್ನೆ ಮತ್ತೆ ಚಾದರ ಕಟ್ಟಿ ನಿಂತಿದ್ದೆ. ಅವ್ವ ಹೊಸ್ತಿಲ ಬಳಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. "ಅವ್ವಾ, ಅವತ್ತ ಅದು ಹೆಂಗ ನೆಟ್ಟಗ ಕಂಡಿರಬೇಕ?" ಎಂದೆ.

ಅವಳು ಇನ್ನೊಂದು ಕಾಯಿ ಸುಲಿಯುತ್ತ ಹೇಳಿದಳು.

"ಒಂದ ದಿನ ನೆಟ್ಟಗ ಕಂಡಿದ್ದಕ್ಕ ಇಷ್ಟ ವಿಚಾರ ಮಾಡಾಕತ್ತಿ. ಅಷ್ಟು ವರ್ಷ ನಮಗ ಉಲ್ಟಾ ತೋರಿಸಿದ್ರಲ್ಲ, ಅದು ಹೆಂಗ ಅಂತ ಯಾರರ ವಿಚಾರ ಮಾಡಿದ್ರೇನು?"