ಫಲಕದ ಮೇಲೆ ಒಣಗುವ ಟವೆಲ್ಲು

ಕಾಳಿ ಹೊಳೆ ಹೊರಗಿನವರನ್ನಷ್ಟೇ ಎಳೆದುಕೊಳ್ಳುತ್ತದೆ, ಊರವರನ್ನು ಮುಟ್ಟುವುದಿಲ್ಲ ಎಂದು ನಮ್ಮ ದಾಂಡೇಲಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮೊಸಳೆಗಳದ್ದೂ ಅದೇ ನಿಯಮವಂತೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದಕ್ಕಿಂತ ಬಡಕಲು ವಾದಗಳನ್ನು ಕೇಳಿದ್ದೇನೆ. ಆದರೆ ಅವನ್ನು ನಂಬಿ ಯಾರೂ ನೀರಿಗಿಳಿಯುತ್ತಿರಲಿಲ್ಲ.

ಇಂದು ಬೆಳಿಗ್ಗೆ ಕಾಕಾ, ಎಂದರೆ ನಮ್ಮ ಚಿಕ್ಕಪ್ಪ, ತನ್ನ ಹಳೆಯ ಕೆಂಪು ಟವೆಲ್ಲು ಹುಡುಕಿ ತೆಗೆದು ಕೊಡವಿದ. ಪಾಚಿಯೂ ಬಟ್ಟೆ ಸೋಪೂ ಕೂಡಿದ ಆ ವಾಸನೆಗೆ ನನಗೆ ಹೊಳೆದಂಡೆಯ ಫಲಕ ನೆನಪಾಯಿತು. ಅದರ ಮೇಲೆ ಏನು ಬರೆದಿದೆಯೆಂದು ನಮ್ಮ ಓಣಿಯ ಮಕ್ಕಳಿಗೆ ಬಹಳ ಕಾಲ ಗೊತ್ತಿರಲಿಲ್ಲ. ಓದಲು ಬಾರದೆ ಅಲ್ಲ, ನಾವು ಹೋದಾಗಲೆಲ್ಲ ಅದರ ಮೇಲೆ ದೊಡ್ಡವರ ಟವೆಲ್ಲುಗಳು ಒಣಗುತ್ತಿರುತ್ತಿದ್ದವು.

ಕಾಕಾನಿಗೆ ಆಗ ಮಿಲ್ಲಿನ ಕೆಲಸ. ಭಾನುವಾರ ಮಾತ್ರ ನಡುಹೊಳೆಯ ಬಂಡೆಯ ಮೇಲೆ ನಿಂತು ಪ್ರವಾಸಿಗಳಿಗೆ ಉಪದೇಶ. ಒಮ್ಮೆ ಬೆಳಗಾವಿ ಕಡೆಯ ಹುಡುಗರು ಸಿಕ್ಕರು.

“ಏ, ಹೊರಗ ಬರ್ರಿ! ಮ್ಯಾಲ ಡ್ಯಾಮಿನ್ಯಾಗ ನೀರು ಬಿಟ್ರಂದ್ರ ಬಿಸಲಿನ್ಯಾಗೂ ಹೊಳಿ ಏರತೈತಿ!”

“ಮತ್ತ ನೀವ್ರಿ ಕಾಕಾ?”

“ನಾವು ಊರವ್ರೋ ತಮ್ಮಾ. ಹೊಳಿಗೆ ನಮ್ಮ ಗುರುತು ಐತಿ.”

ಹುಡುಗರು ಹೆದರಿ ದಂಡೆಗೆ ಬಂದರು. ನೀರೂ ಬಂತು. ಬಂಡೆ ಮುಳುಗಿತು, ಕಾಕಾನ ಮೊಣಕಾಲು ಮುಳುಗಿತು, ಸೊಂಟವೂ ಮುಳುಗಿತು. ಗುರುತಿನವರೆಂದು ಹೊಳೆ ಯಾವ ರಿಯಾಯಿತಿಯನ್ನೂ ತೋರಲಿಲ್ಲ. ಆ ಹುಡುಗರೇ ಫಲಕದ ಮೇಲಿನ ಟವೆಲ್ಲುಗಳನ್ನು ಒಂದಕ್ಕೊಂದು ಗಂಟು ಹಾಕಿ ಎಸೆದು, ಅವನನ್ನು ಎಳೆದುಕೊಂಡರು. ಬೋಳಾದ ಫಲಕವನ್ನು ನಾನು ಓದಿದ್ದು ಅಂದೇ: ‘ನೀರಿಗೆ ಇಳಿಯಬೇಡಿ.’

ಸಂಜೆಯ ಹೊತ್ತಿಗೆ ಚಹಾದಂಗಡಿಯಲ್ಲಿ ಕಥೆ ತಯಾರಾಗಿತ್ತು: ಕಾಕಾ ಹೊರಗಿನ ಹುಡುಗರ ಜೀವ ಉಳಿಸಿದ. ನೀವೇ ಹೇಳಿ, ಇದನ್ನು ಸುಳ್ಳೆನ್ನಲು ಬರುತ್ತದೆಯೇ? ಎಚ್ಚರಿಸಿದ್ದು ಅವನೇ. ಅಂದಿನಿಂದ ನಾನು ಹೊಳೆಗೆ ಯಾರ ಗುರುತೂ ಇಲ್ಲವೆಂದು ಅವನೊಡನೆ ಎಷ್ಟೋ ಸಲ ವಾದ ಹೂಡಿ, ಅಷ್ಟೂ ಸಲ ಸೋತಿದ್ದೇನೆ.

ಇಂದು ಟವೆಲ್ಲು ಹೊರಬಿದ್ದದ್ದು ರಜೆಗೆ ಬಂದ ಅವನ ಮೊಮ್ಮಗಳು ಗೌರಿಗಾಗಿ. “ನಡಿ ಗೌರವ್ವಾ, ಹೊಳಿಗೆ ಹೋಗೂಣು. ಈಜು ಕಲಸ್ತೇನಿ.” ಅವಳಾಗಲೇ ಚಪ್ಪಲಿ ಮೆಟ್ಟಿದ್ದಳು. ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ. ಮೊದಲ ಸಲ ನನಗೆ ಗೆಲುವು ಬೇಕಿರಲಿಲ್ಲ, ಅವಳು ಹೊಸ್ತಿಲು ದಾಟದಿದ್ದರೆ ಸಾಕಿತ್ತು.

“ಕಾಕಾ, ನೀ ಹೇಳೂದು ಖರೇ ಅಂತ ಹಿಡಿಯೂಣು.”

“ಹಾಂ, ಈಗ ಬಂದಿ ನೋಡು ದಾರಿಗೆ!”

“ಗೌರಿ ಹುಟ್ಟಿದ್ದು, ಬೆಳದದ್ದು ಹುಬ್ಬಳ್ಳಿಯಾಗ. ಹೊಳಿ ಅಕೀನ್ನ ಊರಾಕಿ ಅಂತೈತೋ, ಹೊರಗಿನಾಕಿ ಅಂತೈತೋ?”