ಅಕ್ಕನ ಕವಿತೆಯ ಒದ್ದೆ ಸೊಪ್ಪು

ಅಕ್ಕ ನನ್ನ ತಪ್ಪಿಗೆ ಬೈಸಿಕೊಂಡಾಗ ನಾನು ಬಾಯಿ ಬಿಡಲಿಲ್ಲ. ಮಳೆಯಲ್ಲಿ ನೆನೆದ ಹಿಪ್ಪುನೇರಳೆ ಸೊಪ್ಪನ್ನು ಆರಲು ಬಿಡದೆ ರೇಷ್ಮೆಹುಳುಗಳಿಗೆ ಹಾಕಿದವನು ನಾನು. ರೋಗ ಹತ್ತಿ ಹುಳುಗಳು ಸತ್ತವು. ಮುಟ್ಟಾದವಳು ಹುಳುಮನೆಗೆ ಕಾಲಿಟ್ಟಿದ್ದೇ ಕಾರಣವೆಂದು ಅಪ್ಪ ಅಕ್ಕನನ್ನು ಬೈದರು.

ಎಷ್ಟೋ ವರ್ಷಗಳ ಮೇಲೆ, ಎಂಬತ್ತರ ದಶಕದ ಒಂದು ದಿನ, ಮುಳಬಾಗಿಲಿನ ವಾಚನಾಲಯದಲ್ಲಿ ಅಕ್ಕ ತನ್ನ ಕವಿತೆಗಳ ಬಗ್ಗೆ ಓದುಗರೊಂದಿಗೆ ಮಾತಾಡುತ್ತಿದ್ದಳು. ಹುಳುಮನೆಯ ಆ ಘಟನೆಯ ಬಗ್ಗೆ ಅವಳು ಬರೆದ ಕವಿತೆ ಓದಿದ್ದ ಹಿರಿಯ ಹೆಂಗಸೊಬ್ಬರು ಕೇಳಿದರು: “ಆ ಹುಡುಗಿ ತಪ್ಪೇ ಮಾಡಿಲ್ವಲ್ಲಮ್ಮಾ, ಯಾಕೆ ಸುಮ್ನೆ ಬೈಸ್ಕೊಂಡ್ಳು?”

“ತಮ್ಮನ ಕೈಲಿ ಒದ್ದೆ ಸೊಪ್ಪು ನೋಡಿದ್ಳಮ್ಮಾ. ಹೇಳಿದ್ರೆ ಅವನಿಗೆ ಏಟು ಬೀಳ್ತಿತ್ತು,” ಅಂದಳು ಅಕ್ಕ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಕವಿತೆ ಅರ್ಥವಾಗುವುದಿಲ್ಲ. ಇದು ಅರ್ಥವಾಯಿತು. ನಾಚಿಕೆಯಿಂದ ಕುಗ್ಗಿದ್ದವನು ಹಿಂದಿನ ಬೆಂಚಿನಿಂದ ಎದ್ದು ನಿಂತು, ಎಲ್ಲರೆದುರು ಹೇಳಿದೆ: “ಆ ತಮ್ಮ ನಾನೇ. ತಪ್ಪಾಯ್ತಕ್ಕಾ.”