ಮೀನಿನ ತೊಟ್ಟಿಗೆ ದೀಪ ಹಚ್ಚುವ ಹೊತ್ತು

ದೀಪದ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರೆಂದು ನಂಬಿದ್ದೆ. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಬಲ್ಬು, ಸ್ವಿಚ್ಚುಗಳನ್ನು ಪರೀಕ್ಷಿಸಿ ‘ಸರಿ ಇದೆ’ ಎಂದು ಮೊಹರು ಒತ್ತುವುದೇ ನನ್ನ ಹೊಟ್ಟೆಪಾಡು. ಅಂಥವನು ಒಂದು ಪುಟ್ಟ ಮೀನಿನ ತೊಟ್ಟಿಗೆ ಸರಿಯಾದ ಎಲ್‌ಇಡಿ ಹುಡುಕುತ್ತ ಇಡೀ ಮಳೆಗಾಲ ಕಳೆದೆ.

ತೊಟ್ಟಿ ಬಂದದ್ದು ಅವ್ವನಿಗಾಗಿ. ಭಾಲ್ಕಿಯಲ್ಲಿ ಅಕ್ಕನ ಮನೆಯಲ್ಲಿದ್ದವಳನ್ನು ಹಟ ಹಿಡಿದು ಗಡಿಯಾಚೆಯ ತೆಲುಗು ಸೀಮೆಗೆ, ಮಿಯಾಪುರದ ನಮ್ಮ ಫ್ಲ್ಯಾಟಿಗೆ ಕರೆತಂದಿದ್ದೆ. ಹೆಂಡತಿಯೂ ನಾನೂ ಬೆಳಿಗ್ಗೆ ಹೊರಟರೆ ಕತ್ತಲಾದ ಮೇಲೇ ಬರುವವರು. ಸುತ್ತಲೂ ಸಾಫ್ಟ್‌ವೇರ್ ಸಂಸಾರಗಳು. ಹಗಲು ಆ ಕಟ್ಟಡದಲ್ಲಿ ಎಚ್ಚರವಿರುವವರು ಅವ್ವ ಮತ್ತು ವಾಚ್‌ಮನ್ ಮಾತ್ರ. ಅವನಿಗೆ ತೆಲುಗು ಬಿಟ್ಟು ಬೇರೆ ಬಾರದು. “ಇಲ್ಲಿ ಗ್ವಾಡಿ ಸಂಗಾಟ ಮಾತಾಡಬೇಕು. ನನ್ನ ಭಾಲ್ಕಿಗಿ ಕಳಿಸಿಬಿಡಪ್ಪ,” ಎಂದು ಅವ್ವ ದಿನಾ ಹೇಳುತ್ತಿದ್ದಳು. ಗೋಡೆಗಿಂತ ಮೀನು ವಾಸಿಯೆಂದು ತೊಟ್ಟಿ ತಂದೆ. ಒಳಗೆ ಹಸಿರು ಗಿಡಗಳನ್ನೂ ನೆಟ್ಟೆ. ಅವ್ವ ಅವನ್ನೇ ನೋಡುತ್ತ ಕೂತಳು, ಊರಿನ ಮಾತು ನಿಂತಿತು. ಅವಳು ನಮ್ಮೊಡನೆ ಉಳಿಯುವುದು ಆ ಗಿಡಗಳ ಆರೋಗ್ಯಕ್ಕೆ ಬಿಟ್ಟ ವಿಷಯವಾಯಿತು.

ಗಿಡಗಳು ತಿಂಗಳೊಪ್ಪತ್ತಿನಲ್ಲಿ ಪಾಚಿ ಹೊದ್ದು ಮಲಗಿದವು.

ಎದುರು ಮನೆಯ ಸಾಫ್ಟ್‌ವೇರ್ ಮಹಾಶಯರು ಅಮೆರಿಕದ ಗಡಿಯಾರ ನೋಡಿ ಬದುಕುವವರು. ಸೂರ್ಯನನ್ನು ಕಂಡು ಎಷ್ಟು ಕಾಲವಾಗಿತ್ತೋ, ಬೆಳಕಿನ ಬಗ್ಗೆ ಮಾತ್ರ ಅಧಿಕಾರದಿಂದ ಮಾತಾಡುತ್ತಿದ್ದರು. ಲ್ಯೂಮೆನ್ ಎಂದರು, ಕೆಲ್ವಿನ್ ಎಂದರು, ಗಿಡಗಳಿಗೆ ಬೇಕಾದದ್ದು ಕೆಂಪು ಮತ್ತು ನೀಲಿ ಎಂದರು. ಕೋಠಿಯ ಬಜಾರಿಗೆ ಹೋಗಿ ಕೆಂಪು-ನೀಲಿಯ ಎಲ್‌ಇಡಿ ತಂದೆ. ಮೀನುಗಳೆಲ್ಲ ನೇರಳೆಯಾದವು. “ಮದುವಿ ಬರಾತಿನ್ಯಾಗ ಹಚ್ಚಿದಂಗ ಕಾಣ್ತದ, ಕುದುರಿ ಒಂದೇ ಕಮ್ಮಿ,” ಎಂದಳು ಅವ್ವ. ಅದನ್ನು ಕಿತ್ತು ಬಿಳಿಯದನ್ನು ಹಾಕಿದೆ. ಪಾಚಿ ಅದನ್ನೂ ಮೆಚ್ಚಿತು.

ಬೆಳಕಿನ ಅವಧಿ ಹೆಚ್ಚಾದರೆ ಪಾಚಿ ಎಂದು ಎಲ್ಲೋ ಓದಿ, ಬೆಳಿಗ್ಗೆ ಹತ್ತಿ ಸಂಜೆ ತಾನೇ ಆರುವಂತೆ ಟೈಮರ್ ಕಟ್ಟಿದೆ. ನಾವು ಮನೆಗೆ ಬಂದಾಗ ದೀಪ ಉರಿಯುತ್ತಲೇ ಇರುತ್ತಿತ್ತು. ಟೈಮರ್ ಬದಲಿಸಿದೆ. ಹೊಸದಕ್ಕೂ ಅದೇ ರೋಗ. ನಮ್ಮ ಕಾರ್ಖಾನೆಯಲ್ಲಾದರೆ ಇಂಥದಕ್ಕೆ ಮೊಹರು ಸಿಗುತ್ತಿರಲಿಲ್ಲವೆಂದು ಊಟಕ್ಕೆ ಕೂತು ಬೈದೆ. ಅವ್ವ ಸಾರು ಬಡಿಸುತ್ತ, ಆ ಮಶೀನು ಸರಿ ಇಲ್ಲವೆಂಬುದನ್ನು ತುಂಬು ಮನಸ್ಸಿನಿಂದ ಒಪ್ಪಿಕೊಂಡಳು.

ಒಂದು ದಿನ ಜ್ವರ ಬಂದು ಮನೆಯಲ್ಲೇ ಮಲಗಿದ್ದೆ. ಮುಸ್ಸಂಜೆಗೆ ಟೈಮರ್ ಚಟ್ ಎಂದಿತು, ತೊಟ್ಟಿ ಕತ್ತಲಾಯಿತು. ಅಡುಗೆಮನೆಯಿಂದ ಅವ್ವ ಬಂದಳು. “ಹಾಳಾದ ಮಶೀನು, ಲಕ್ಷ್ಮಿ ಬರೋ ಹೊತ್ತಿಗೇ ಬಂದ್ ಆಗ್ತದ,” ಎನ್ನುತ್ತ ಟೈಮರಿನ ಗುಂಡಿ ಒತ್ತಿದಳು. ಬೆಳಕು ಬಂತು. ದೇವರ ಮುಂದೆ ದೀಪ ಹಚ್ಚಿದಾಗ ಮುಗಿಯುವಂತೆಯೇ ಅದಕ್ಕೂ ಕೈಮುಗಿದಳು. ಇಷ್ಟು ದಿನ ಒಂದೇ ಟೈಮರನ್ನು ಇಬ್ಬರೂ ಬೈದಿದ್ದೆವು. ಆರಲಿಲ್ಲವೆಂದು ನಾನು, ಆರಿತೆಂದು ಅವಳು.

ಆಮೇಲೆ ಅವ್ವ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಮೀನುಗಳಿಗೆ ಆ ದಿನದ ವರದಿ ಒಪ್ಪಿಸಿದಳು. ಗೋಧಿ ಹಸನ ಮಾಡಿದ್ದು, ನಲ್ಲಿಯಲ್ಲಿ ನೀರು ಬಾರದ್ದು. “ಹುಡುಗಗ ಜ್ವರ ಬಂದಾವ. ಸಪ್ಪಗ ಮಲಗ್ಯಾನ,” ಎಂದಾಗ ನನಗೆ ದುಃಖ ಉಕ್ಕಿಬಂತು. ಅವಳ ಮಾತು ಕೇಳಲು ಈ ಮನೆಯಲ್ಲಿ ಆ ಹೊತ್ತಿಗೆ ಮೀನಿನ ಹೊರತು ಯಾರೂ ಇರುತ್ತಿರಲಿಲ್ಲ.

ಮರುದಿನ ಟೈಮರ್ ಕಿತ್ತುಹಾಕಿದೆ. ಕಟ್ಟಡದ ಉಳಿದವರಂತೆ ಗಿಡಗಳೂ ಹಗಲೆಲ್ಲ ಮಲಗಲಿ; ಮುಸ್ಸಂಜೆಗೆ ಅವ್ವ ಹಚ್ಚಲಿ, ಮಲಗುವಾಗ ನಾನು ಆರಿಸುತ್ತೇನೆಂದು ಒಪ್ಪಂದವಾಯಿತು. ಪಾಚಿ ಮೆಲ್ಲಗೆ ಗಂಟುಮೂಟೆ ಕಟ್ಟಿತು.

ಅಷ್ಟರಲ್ಲಿ ಅಕ್ಕನ ಬಸುರಿ ಮಗಳ ಕುಬಸ ಬಂತು. ಅವ್ವ ಸೀರೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಭಾಲ್ಕಿಗೆ ಹೋದಳು. ಚೀಲ ನೋಡಿದರೆ ಹಿಂದಿರುಗುವ ಲಕ್ಷಣವಿರಲಿಲ್ಲ. ನಾವು ಕತ್ತಲಲ್ಲಿ ಬರುತ್ತಿದ್ದೆವು, ತೊಟ್ಟಿಯೂ ಕತ್ತಲಲ್ಲಿತ್ತು. ವಾರ ತುಂಬಿರಲಿಲ್ಲ, ಒಂದು ಸಂಜೆ ಬಾಗಿಲ ಸಂದಿಯಿಂದ ಬೆಳಕು ಕಂಡಿತು. ಒಳಗೆ ಅವ್ವ ಕೂತಿದ್ದಳು, ಚೀಲ ಇನ್ನೂ ಬಿಚ್ಚಿರಲಿಲ್ಲ.

ಯಾಕವ್ವಾ ಇಷ್ಟು ಲಗೂ ಬಂದೆ ಎಂದು ಕೇಳಿದೆ.

“ಅಲ್ಲಿ ದೀಪ ಹಚ್ಚಲಾಕ ಮನಿ ತುಂಬ ಮಂದಿ ಅದಾರ. ಇಲ್ಲಿ ಯಾರದಾರ?”

ಎದುರು ಮನೆಯವರು ಮೊನ್ನೆ ಸೊಂಪಾಗಿ ಬೆಳೆದ ಗಿಡಗಳನ್ನು ನೋಡಿ, ಕೊನೆಗೆ ಯಾವ ಎಲ್‌ಇಡಿ ಹಾಕಿದಿರಿ ಎಂದು ವಿಚಾರಿಸಿದರು. ಸಾದಾ ಬಿಳಿಯದು, ಆದರೆ ಹಚ್ಚುವವರನ್ನು ಭಾಲ್ಕಿಯಿಂದ ತರಿಸಬೇಕಾಗುತ್ತದೆ ಎಂದೆ.